ಒಲೆ ಹಚ್ಚದ ಏಳು ದಿನ

ಗಂಗಾಧರಯ್ಯನವರ ವಿಷಯ ಎತ್ತಿದರೆ ನನಗೆ ಮೊದಲು ಬರುವುದು ಸಿಟ್ಟು. ಹದಿನಾರು ವರ್ಷದಿಂದ ಬಸವೇಶ್ವರನಗರದ ನಮ್ಮ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದಾರೆ. ಒಂದು ತಿಂಗಳೂ ಬಾಡಿಗೆ ತಪ್ಪಿಸಿದವರಲ್ಲ, ಒಂದು ದಿನವೂ ಗಟ್ಟಿಯಾಗಿ ಮಾತಾಡಿದವರಲ್ಲ. ಕೆಟ್ಟವರ ಮೇಲಿನ ಸಿಟ್ಟನ್ನು ಬೈದು ತೀರಿಸಿಕೊಳ್ಳಬಹುದು. ಇಂಥವರ ಮೇಲೆ ಬಂದ ಸಿಟ್ಟನ್ನು ಏನು ಮಾಡಬೇಕೆಂದು, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದ ನನಗೂ ತಿಳಿಯಲಿಲ್ಲ.

ಅವರು ಜಂಗಮರು, ಹೊಸದುರ್ಗದ ಕಡೆಯವರು. ಬಸವೇಶ್ವರನಗರ, ಆರ್‌ಪಿಸಿ ಲೇಔಟ್, ನಂದಿನಿ ಲೇಔಟ್ ಎಲ್ಲ ಸೇರಿ ಅರವತ್ತು ಮನೆಗಳಿಗೆ ಅವರೇ ಅಯ್ಯನವರು. ಮಗುವಿಗೆ ಲಿಂಗಧಾರಣೆಯಿಂದ ಹಿಡಿದು ಮದುವೆ, ಗೃಹಪ್ರವೇಶ, ಕೊನೆಗೆ ಮಣ್ಣು ಕೊಡುವ ತನಕ ಆ ಮನೆಗಳಲ್ಲಿ ಅವರಿಲ್ಲದೆ ಏನೂ ನಡೆಯುವುದಿಲ್ಲ. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಕಾವಿ ಶಲ್ಯ, ಹಳೆಯ ಟಿವಿಎಸ್ ಮೊಪೆಡ್ಡು, ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಪಂಚಾಂಗ. ಸೈಟು ರಿಜಿಸ್ಟ್ರೇಷನ್ನಿಗೂ ಜನ ಅವರನ್ನು ಕೇಳಿ ದಿನ ಇಡುತ್ತಿದ್ದರು. ದಕ್ಷಿಣೆ ಎಷ್ಟು ಕೊಟ್ಟರೂ ಎಣಿಸದೆ ಜೇಬಿಗೆ ಹಾಕುವ ಮನುಷ್ಯ. ಆದ್ದರಿಂದಲೇ ಮನೆ ನಡೆಸುವ ಭಾರ ಹೆಂಡತಿ ನೀಲಗಂಗಮ್ಮನ ಮೇಲೆ ಬಿತ್ತು.

ನೀಲಗಂಗಮ್ಮ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಉತ್ತರ ಕರ್ನಾಟಕದಿಂದ ಬಂದು ಪಿ.ಜಿ.ಗಳಲ್ಲಿ ಇರುವ ಹುಡುಗರಿಗೆ ದಿನಕ್ಕೆ ನೂರು ರೊಟ್ಟಿ. ಬೆಳಿಗ್ಗೆ ಐದಕ್ಕೆ ಶುರುವಾದರೆ ಹತ್ತೂವರೆಯವರೆಗೆ ನಮ್ಮ ಗೋಡೆಗೆ ಅವಳ ಕೈಯ ಸದ್ದು ಕೇಳುತ್ತಿತ್ತು. ಅದರ ಮೇಲೆ ಮನೆಯ ಅಡುಗೆ, ಜಂಗಮರ ಮನೆ ಎಂದು ಬರುವ ಹೋಗುವವರ ಊಟ, ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದ ಅತ್ತೆಯ ಗಂಜಿ. ಅತ್ತೆ ತೀರಿಕೊಂಡದ್ದು ಎರಡು ಸಾವಿರದ ನಾಲ್ಕರಲ್ಲಿ. ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಾ ಅವಳು ನನ್ನ ಹತ್ತಿರ ಹೇಳಿದಳು.

"ನನಗೇನೂ ಬೇಡ ಅಕ್ಕಾ. ಒಂದು ವಾರ ಒಲೆ ಹಚ್ಚದೆ ಇರಬೇಕು. ಯಾರೋ ಮಾಡಿದ್ದನ್ನ ಕೂತ್ಕೊಂಡು ಉಣ್ಣಬೇಕು. ಅಷ್ಟೇ."

ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಆ ಹೊತ್ತಿಗೇ ಅವಳಿಗೆ ಉಬ್ಬಸ ಶುರುವಾಗಿತ್ತು, ಎರಡು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಹಾಗಂತ ಅದನ್ನು ಗಂಡನಿಗೆ ಹೇಳುವ ಜಾತಿಯವಳಲ್ಲ. ನಾನೇ ಅಯ್ಯನವರನ್ನು ಗೇಟಿನ ಹತ್ತಿರ ನಿಲ್ಲಿಸಿ, ನಿಮ್ಮ ಮನೆಯವರು ಹೀಗೆ ಹೇಳಿದರು, ಕಿವಿಯಲ್ಲಿ ಹಾಕಿಕೊಳ್ಳಿ ಎಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ನಡೆದದ್ದಕ್ಕೆಲ್ಲ ನನ್ನ ಈ ಬಾಯಿಯೂ ಒಂದು ಕಾರಣ ಎಂದು ಈಗ ಅನ್ನಿಸುತ್ತದೆ.

ಮುಂದಿನ ವರ್ಷ, ಯುಗಾದಿಗೆ ಇನ್ನೂ ತಿಂಗಳಿರುವಾಗ, ಅವರಿಗೆ ಒಂದು ಫೋನ್ ಬಂತು. ಪೆಟ್ರೋಲ್ ಬಂಕಿನಲ್ಲಿ ಯಾವುದೋ ಚೀಟಿಗೆ ಹೆಸರು, ನಂಬರು ಬರೆದು ಡಬ್ಬಿಗೆ ಹಾಕಿದ್ದರಂತೆ. ನಿಮಗೆ ಬಹುಮಾನ ಬಂದಿದೆ, ಇಪ್ಪತ್ನಾಲ್ಕು ಪೀಸಿನ ಡಿನ್ನರ್ ಸೆಟ್ಟು, ಭಾನುವಾರ ಇಂಥ ಹೋಟೆಲಿಗೆ ಬಂದು ತೆಗೆದುಕೊಳ್ಳಿ, ಆದರೆ ಮಿಸೆಸ್ ಜೊತೆಗೇ ಬರಬೇಕು ಎಂದು ಆ ಹುಡುಗಿ ಹೇಳಿದಳು. ಪುಕ್ಕಟೆ ಸಿಕ್ಕಿದರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವವರಲ್ಲ ಅಯ್ಯನವರು. ಹೆಂಡತಿಯನ್ನು ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಲು ಅದೊಂದು ನೆಪ ಎಂದು ಹೊರಟರು. ಅವಳು ಮಗಳ ಮದುವೆಯ ಇಳಕಲ್ ಸೀರೆ ಉಟ್ಟಳು.

ಅಲ್ಲಿ ನಡೆದದ್ದನ್ನು ಇಬ್ಬರೂ ಬೇರೆ ಬೇರೆಯಾಗಿ ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಹೋಗಿ ಕೂತು ಬಂದಂತಿದೆ. ತಣ್ಣಗಿನ ಸಭಾಂಗಣ, ದುಂಡು ಮೇಜುಗಳು, ಒಂದೊಂದು ಮೇಜಿಗೆ ಒಂದು ಜೋಡಿ, ಎದುರಿಗೆ ಟೈ ಕಟ್ಟಿದ ಒಬ್ಬ ಹುಡುಗ. ಇವರ ಮೇಜಿಗೆ ಬಂದವನ ಹೆಸರು ರುದ್ರೇಶ, ರಾಣೆಬೆನ್ನೂರು ಕಡೆಯವನು. ಇವರ ವಿಭೂತಿ ನೋಡಿದ್ದೇ, ಅಷ್ಟು ಜನರ ಮಧ್ಯೆ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ. ಮೊದಲು ಆಶೀರ್ವಾದ ಮಾಡಿ ಅಯ್ನೋರೆ, ಆಮೇಲೆ ಮಾತು ಎಂದ. ಇವರು ತಲೆಯ ಮೇಲೆ ಕೈ ಇಟ್ಟರು. ಕಂಪನಿಯವನು ಯಾವನಾದರೂ ಆಗಿದ್ದರೆ ಅನುಮಾನ ಪಡಬಹುದಿತ್ತು. ಆಶೀರ್ವಾದ ಮಾಡಿದ ಮೇಲೆ, ನಿನ್ನ ಮಾತು ನಂಬುವುದಿಲ್ಲ ಎಂದು ಜಂಗಮ ಹೇಗೆ ಹೇಳುತ್ತಾನೆ?

ಅವನು ಆಲ್ಬಮ್ ತೆರೆದು ಸಮುದ್ರ ತೋರಿಸಿದ. ಕಾರವಾರದ ಆಚೆ, ಕಡಲ ದಂಡೆಯ ರೆಸಾರ್ಟು. ಅದರಲ್ಲಿ ಪ್ರತಿ ವರ್ಷ ಒಂದು ವಾರ ನಿಮ್ಮದು, ಇಪ್ಪತ್ತೈದು ವರ್ಷ, ಸ್ವಂತ ಮನೆಯ ಹಾಗೆ. ಅಯ್ಯನವರು ಹೂಂ ಹೂಂ ಎಂದು ಕೇಳುತ್ತಿದ್ದರಂತೆ, ಡಿನ್ನರ್ ಸೆಟ್ಟು ತೆಗೆದುಕೊಂಡು ಏಳುವ ಯೋಚನೆಯಲ್ಲಿ. ಆಗ ಅವನು ನೀಲಗಂಗಮ್ಮನ ಕಡೆ ತಿರುಗಿದ.

"ಅಮ್ಮಾ, ಮದುವೆಯಾದ ಮೇಲೆ ನೀವು ಎಷ್ಟು ದಿನ ರಜಾ ತಗೊಂಡಿದೀರ?"

ಅವಳು ನಕ್ಕುಬಿಟ್ಟಳು. ಅಯ್ಯನವರು ನಗಲಿಲ್ಲ. ನೂರು ಮನೆ ಮಾರಿದ ನಾಲಿಗೆ ಅದು, ಎಲ್ಲಿ ತಟ್ಟಬೇಕೋ ಅಲ್ಲೇ ತಟ್ಟಿತು. ಅಲ್ಲಿ ಅಮ್ಮ ಒಂದು ಲೋಟವನ್ನೂ ತೊಳೆಯುವ ಹಾಗಿಲ್ಲ ಎಂದು ಅವನು ಮುಂದುವರಿಸಿದಾಗ ಇವರು ಬೆಲೆ ಕೇಳಿದರು.

ದಸರೆ, ಕ್ರಿಸ್‌ಮಸ್ ರಜೆಯ ವಾರಗಳು ಕೆಂಪು ವಾರಗಳು, ಅವುಗಳ ಬೆಲೆ ಎರಡೂವರೆ ಲಕ್ಷದ ಮೇಲೆ. ಮಳೆಗಾಲದ ವಾರಗಳು ನೀಲಿ, ಅವು ಅರ್ಧಕ್ಕಿಂತ ಕಡಿಮೆ. ನೀಲಿಯಲ್ಲಿ ಉಳಿದಿರುವುದು ಒಂದೇ, ಆಗಸ್ಟಿನ ಮೂರನೆಯ ವಾರ, ಇವತ್ತು ಸಹಿ ಹಾಕಿದರೆ ಮಾತ್ರ ಈ ಬೆಲೆ ಎಂದ ರುದ್ರೇಶ. ಅಯ್ಯನವರು ಜೇಬಿನಿಂದ ಪಂಚಾಂಗ ತೆಗೆದರು. ಆಗಸ್ಟ್ ಮೂರನೆಯ ವಾರ ಎಂದರೆ ಶ್ರಾವಣ. ತಿಥಿ ನೋಡಿದರು, ನಕ್ಷತ್ರ ನೋಡಿದರು. ಶ್ರಾವಣಕ್ಕಿಂತ ಶುಭಮಾಸ ಇನ್ನಾವುದಿದೆ ಎಂದು ಸಹಿ ಹಾಕಿದರು. ಸಭಾಂಗಣದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರಂತೆ.

ಮುಂಗಡಕ್ಕೆ ಕೊಟ್ಟದ್ದು ನೀಲಗಂಗಮ್ಮ ರೊಟ್ಟಿ ಬಡಿದು ಬ್ಯಾಂಕಿನಲ್ಲಿಟ್ಟಿದ್ದ ಮೂವತ್ತೈದು ಸಾವಿರ. ಉಳಿದದ್ದಕ್ಕೆ ಮುಂದಿನ ತಾರೀಖು ಹಾಕಿದ ಇಪ್ಪತ್ನಾಲ್ಕು ಚೆಕ್ಕು.

ಮೂರು ದಿನಕ್ಕೆ ದಪ್ಪನೆಯ ಫೈಲು ಬಂತು, ಎಲ್ಲ ಇಂಗ್ಲಿಷು, ಇರುವೆ ಸಾಲಿನಂಥ ಅಕ್ಷರ. ಅಯ್ಯನವರು ಅದನ್ನು ನನಗೆ ಕೊಟ್ಟು, ಒಂದು ಸಲ ಓದಿ ಹೇಳಿ ಟೀಚರಮ್ಮ ಎಂದರು. ನನ್ನ ಮನೆಯಲ್ಲಿ ಎಸ್ಸೆಸ್ಸೆಲ್ಸಿಯ ಹದಿನೆಂಟು ಮಕ್ಕಳು ಟ್ಯೂಷನ್ನಿಗೆ ಬರುತ್ತಿದ್ದರು, ಪರೀಕ್ಷೆ ತಲೆಯ ಮೇಲಿತ್ತು. ಆಮೇಲೆ ನೋಡೋಣ ಎಂದು ಪಕ್ಕಕ್ಕಿಟ್ಟೆ. ಹನ್ನೆರಡು ದಿನ ಅದು ನನ್ನ ಮೇಜಿನ ಮೇಲೇ ಇತ್ತು. ಓದಿದಾಗ ನಾಲ್ಕನೆಯ ಪುಟದಲ್ಲಿ ಕಂಡಿತು: ಬೇಡವೆನ್ನುವವರು ಹತ್ತು ದಿನದೊಳಗೆ ಬರೆದು ತಿಳಿಸಿದರೆ ಹಣ ವಾಪಸು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ.

ಇಬ್ಬರನ್ನೂ ಕೂರಿಸಿಕೊಂಡು ಉಳಿದದ್ದನ್ನು ಓದಿ ಹೇಳಿದೆ. ಹೋಗಲಿ ಬಿಡಲಿ, ವರ್ಷ ವರ್ಷ ನಿರ್ವಹಣೆಯ ಶುಲ್ಕ ಕಟ್ಟಬೇಕು, ಅದು ಎಷ್ಟು ಏರುತ್ತದೆಂದು ಎಲ್ಲೂ ಬರೆದಿಲ್ಲ. ಬಳಸದ ವಾರ ಕೈಬಿಟ್ಟಂತೆ. ಊಟ ಬೇರೆ, ಅದಕ್ಕೆ ಬೇರೆ ದುಡ್ಡು. ನಡುವೆ ಬಿಟ್ಟು ಹೋಗುವ ಹಾಗಿಲ್ಲ. ಸದಸ್ಯ ಸತ್ತರೆ ಅದು ನಾಮಿನಿಗೆ, ಅಂದರೆ ಮಗಳು ರಕ್ಷಾಳಿಗೆ ಹೋಗುತ್ತದೆ. ನೀಲಗಂಗಮ್ಮನ ಮುಖ ಬಾಡಿತು. ಅಯ್ಯನವರು ಮಾತ್ರ, ಹೇಗೂ ಆಗಿದೆ, ಏಳು ದಿನ ಇವಳು ಕೂತು ಉಂಡರೆ ಸಾಕು, ಊಟದ ದುಡ್ಡು ನಾನು ಕೂಡಿಡುತ್ತೇನೆ ಎಂದರು.

ಆಷಾಢದ ಕೊನೆಗೆ ಅರವತ್ತು ಮನೆಗಳವರು ಒಬ್ಬೊಬ್ಬರಾಗಿ ಬರತೊಡಗಿದರು. ಶ್ರಾವಣದಲ್ಲಿ ನಮ್ಮ ಮನೆಯ ರುದ್ರಾಭಿಷೇಕ ಯಾವತ್ತು ಅಯ್ನೋರೆ, ಬಿಲ್ವಾರ್ಚನೆ ಯಾವತ್ತು? ತಿಂಗಳಿಡೀ ಬೆಳಗಿನ ನಾಲ್ಕರಿಂದ ಮನೆ ಮನೆ ಅಲೆಯುವ ಮಾಸ ಅದು. ಆ ಒಂದು ತಿಂಗಳ ಸಂಪಾದನೆಯಲ್ಲೇ ನಾಲ್ಕು ತಿಂಗಳ ಬಾಡಿಗೆ ಹುಟ್ಟುತ್ತಿತ್ತು. ಅಯ್ಯನವರು ದಿನ ಗುರುತು ಹಾಕಲು ಪಂಚಾಂಗ ಬಿಚ್ಚಿ, ಹಾಗೇ ಕೂತುಬಿಟ್ಟರು. ವಾರ ಶುಭವೋ ಎಂದು ನೋಡಿದ್ದರು, ಆ ವಾರ ತಾನೆಲ್ಲಿರುತ್ತೇನೆಂದು ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ನಾನು ಅವತ್ತು ಬಾಯಿಗೆ ಬಂದಂತೆ ಅಂದೆ. ಅವರು, ಹೌದು ಟೀಚರಮ್ಮ, ಹೌದು ಎಂದರು.

ಆ ವರ್ಷದ ವಾರ ಹೋಯಿತು. ಬಿಲ್ಲು ಬಂತು.

ಮರುವರ್ಷ ಬೇರೆ ತಿಂಗಳಿಗೆ ಬದಲಾಯಿಸಿಕೊಡಿ ಎಂದು ಕೇಳಿಕೊಂಡರು. ಅದಕ್ಕೂ ಶುಲ್ಕ. ಕಟ್ಟಿದ ಮೇಲೆ ಗೊತ್ತಾಯಿತು, ನೀಲಿ ವಾರದವರಿಗೆ ನೀಲಿ ವಾರಗಳೇ, ಅದನ್ನೂ ಮೂರು ತಿಂಗಳು ಮೊದಲೇ ಹೇಳಬೇಕು. ಮೊದಲೇ ಹೇಳಿದರು. ಜೂನ್ ಕೇಳಿದರೆ ಭರ್ತಿ, ಜುಲೈ ಕೇಳಿದರೆ ಭರ್ತಿ, ಸೆಪ್ಟೆಂಬರಿಗೆ ವೇಯ್ಟಿಂಗ್ ಲಿಸ್ಟು. ನಮ್ಮ ಮನೆಯ ಫೋನಿನಿಂದಲೇ ಮಾಡುತ್ತಿದ್ದರು. ಅರ್ಧ ಗಂಟೆ ಸಂಗೀತ ಕೇಳಿಸಿ, ಆಮೇಲೆ ಒಬ್ಬಳು ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಿದ್ದಳು. ಆಫೀಸು ಹುಡುಕಿಕೊಂಡು ಹೋದರೆ ಅಲ್ಲಿ ಕಣ್ಣಿನ ಆಸ್ಪತ್ರೆ ಬಂದಿತ್ತು. ನಂದಿನಿ ಲೇಔಟಿನ ಒಂದು ಗೃಹಪ್ರವೇಶದಲ್ಲಿ ರುದ್ರೇಶ ಸಿಕ್ಕಿದ. ಈಗ ಫ್ಲ್ಯಾಟು ಮಾರುವ ಕೆಲಸದಲ್ಲಿದ್ದ. ಮತ್ತೆ ಕಾಲಿಗೆ ಬಿದ್ದ. ಇವರು ಮತ್ತೆ ತಲೆಯ ಮೇಲೆ ಕೈ ಇಟ್ಟರು. ಅದನ್ನು ಕೇಳಿ ನಾನು ಎರಡು ದಿನ ಇವರ ಜೊತೆ ಮಾತು ಬಿಟ್ಟೆ. ಇಂಥವನ್ನು ಕೊಂಡುಕೊಳ್ಳುವವರಿದ್ದಾರೆ ಎಂದು ಅವನೊಂದು ನಂಬರು ಕೊಟ್ಟನಂತೆ. ಆ ನಂಬರಿನವರು ರಿಜಿಸ್ಟ್ರೇಷನ್ನಿಗೆಂದು ಇವರಿಂದಲೇ ಎಂಟು ಸಾವಿರ ತೆಗೆದುಕೊಂಡರು. ಮೂರನೆಯ ವಾರಕ್ಕೆ ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಬಂತು.

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು. ಚೆಕ್ಕು ವಾಪಸಾದರೆ ಕೋರ್ಟು ಎಂದು ಕಂಪನಿಯವರು ಹೆದರಿಸಿದ್ದರು. ಜಂಗಮ ಕೋರ್ಟು ಮೆಟ್ಟಿಲು ಹತ್ತಿದರೆ ಆ ಅರವತ್ತು ಮನೆಗಳವರು ಹೊಸಿಲೊಳಗೆ ಬಿಟ್ಟುಕೊಳ್ಳುತ್ತಾರೆಯೇ? ಆದ್ದರಿಂದ ನೀಲಗಂಗಮ್ಮ ನೂರು ರೊಟ್ಟಿಯನ್ನು ನೂರ ಎಂಬತ್ತು ಮಾಡಿದಳು. ಬೆಳಗಿನ ಸದ್ದು ಈಗ ನಾಲ್ಕಕ್ಕೇ ಶುರುವಾಗಿ ಮಧ್ಯಾಹ್ನದವರೆಗೆ ಕೇಳುತ್ತಿತ್ತು, ನಡುನಡುವೆ ಕೆಮ್ಮು. ಒಂದು ವಾರ ಒಲೆಯಿಂದ ಬಿಡಿಸಬೇಕೆಂದು ಹೋಗಿ ಗಂಡ ಅವಳನ್ನು ಒಲೆಗೇ ಕಟ್ಟಿಹಾಕಿದ್ದರು. ಇದು ಅವರಿಗೂ ಗೊತ್ತಿತ್ತು. ರೊಟ್ಟಿ ಬಡಿಯುವ ಹೊತ್ತಿಗೆ ಅವರು ಮನೆಯಲ್ಲಿ ನಿಲ್ಲಲಾರದೆ, ಕೆಲಸವಿಲ್ಲದಿದ್ದರೂ ಮೊಪೆಡ್ಡು ಹತ್ತಿ ಹೋಗುತ್ತಿದ್ದರು.

ಎರಡು ಸಾವಿರದ ಏಳರ ಮಾರ್ಚಿಗೆ ಚೆಕ್ಕುಗಳು ಮುಗಿದವು. ಇನ್ನಾದರೂ ರೊಟ್ಟಿ ಕಡಿಮೆ ಮಾಡು ಎಂದೆ. ಚೆಕ್ಕು ಮುಗಿದರೂ ವರ್ಷದ ಶುಲ್ಕ ಉಳಿದಿತ್ತು, ಕೈಸಾಲ ಉಳಿದಿತ್ತು. ಜೂನಿನಲ್ಲಿ ಒಂದು ಬೆಳಿಗ್ಗೆ ಹೆಂಚಿನ ಮುಂದೆಯೇ ಅವಳಿಗೆ ಉಸಿರು ಕಟ್ಟಿತು. ತುಟಿ ನೀಲಿಯಾಗಿತ್ತು. ನಾನೂ ಅಯ್ಯನವರೂ ಆಟೋದಲ್ಲಿ ಹಾಕಿಕೊಂಡು ಓಡಿದೆವು. ಮೂರು ದಿನ ಆಮ್ಲಜನಕ ಕೊಟ್ಟು ಉಳಿಸಿದ ಡಾಕ್ಟರು, ಈಕೆ ಬೆಂಕಿಯ ಮುಂದೆ ನಿಲ್ಲುವುದನ್ನು ಬಿಡದಿದ್ದರೆ ಶ್ವಾಸಕೋಶ ಉಳಿಯುವುದಿಲ್ಲ ಎಂದರು.

ಮನೆಗೆ ಬಂದ ಮರುದಿನ ಅಯ್ಯನವರು ನನ್ನ ಬಾಗಿಲಿಗೆ ಬಂದರು. ಈ ಶ್ರಾವಣದಲ್ಲಿ ಹೋಗುತ್ತೇವೆ, ಟಿಕೆಟ್ಟು ಮಾಡಿಸಿದ್ದೇನೆ ಎಂದರು. ಮನೆಗಳನ್ನೇನು ಮಾಡುತ್ತೀರಿ ಎಂದೆ. ಕೆಂಗೇರಿಯ ಕಡೆ ರುದ್ರಮುನಿ ಎಂಬ ಕಿರಿಯ ಜಂಗಮನಿದ್ದಾನೆ, ಚೂಟಿ, ಸ್ಕೂಟರಿದೆ, ಅವನಿಗೆ ವಹಿಸಿದ್ದೇನೆ ಎಂದರು. ಒಂದು ಸಲ ಬಿಟ್ಟ ಮನೆ ಮತ್ತೆ ನಿಮ್ಮ ಕೈಗೆ ಬರುವುದಿಲ್ಲ ಎಂದು ನಾನು ಎಚ್ಚರಿಸಿದೆ.

"ಹೋದ್ರೆ ಹೋಗ್ಲಿ ಟೀಚರಮ್ಮ," ಎಂದರು. "ಅವಳು ಏಳು ದಿನ ಕೂತು ಉಣ್ಣಲಿ."

ಊಟದ ಖರ್ಚಿಗೆ ಇರಲಿ ಎಂದು ಎರಡು ಸಾವಿರ ಕೊಡಹೋದೆ, ತೆಗೆದುಕೊಳ್ಳಲಿಲ್ಲ. ಮೆಜೆಸ್ಟಿಕ್ಕಿನಿಂದ ಸರ್ಕಾರಿ ಬಸ್ಸಿನಲ್ಲಿ ಇಬ್ಬರೂ ಹೋದರು. ನೀಲಗಂಗಮ್ಮ ಆಟೋ ಹತ್ತುವಾಗ ಚಿಕ್ಕ ಹುಡುಗಿಯ ಹಾಗೆ ಕೈ ಬೀಸಿದಳು. ಹಿಂದಿನ ಪೋರ್ಷನ್ನಿನಲ್ಲಿ ಏಳು ದಿನ ಸದ್ದಿರಲಿಲ್ಲ, ಆ ಮೌನದಲ್ಲಿ ನನಗೆ ಒಳ್ಳೆಯ ನಿದ್ದೆ ಬಂತು.

ಬಂದ ಮೇಲೆ ಹೇಗಿತ್ತೆಂದು ಕೇಳಿದೆ. ಚೆನ್ನಾಗಿತ್ತು ಅಕ್ಕಾ, ಸಮುದ್ರ ಬಹಳ ದೊಡ್ಡದು ಎಂದಳು. ಊಟಕ್ಕೆ ಏನೇನು ಹಾಕಿದರು ಎಂದರೆ, ಎಲ್ಲಾ ಇತ್ತು ಎಂದು ಬಟ್ಟೆ ಹಿಂಡತೊಡಗಿದಳು. ಹೊರಡುವಾಗ ಇದ್ದದ್ದಕ್ಕಿಂತ ಕೆಮ್ಮು ಜೋರಾಗಿತ್ತು. ಕಡಲ ಗಾಳಿ ಆಗಿಬಂದಿಲ್ಲ ಎಂದುಕೊಂಡೆ. ಮರುದಿನ ಬೆಳಿಗ್ಗೆ ಗೋಡೆಯ ಆಚೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು, ಡಾಕ್ಟರು ಏನೇ ಹೇಳಿದ್ದರೂ ಸಾಲ ತೀರಿರಲಿಲ್ಲ. ದೀಪಾವಳಿಯ ಹೊತ್ತಿಗೆ ಅರವತ್ತು ಮನೆಗಳಲ್ಲಿ ಇಪ್ಪತ್ತೇಳು ರುದ್ರಮುನಿಯ ಪಾಲಾಗಿದ್ದವು. ಅವನ ತಪ್ಪೇನೂ ಇಲ್ಲ, ಕರೆದರೆ ಬೇಗ ಬರುತ್ತಿದ್ದ.

ಡಿಸೆಂಬರಿನಲ್ಲಿ ಮುಂದಿನ ವರ್ಷದ ಬಿಲ್ಲು ಬಂತು, ಇನ್ನೂ ಒಂದು ಸಾವಿರ ಹೆಚ್ಚಾಗಿ. ಅಯ್ಯನವರು ಅದನ್ನು ಹಿಡಿದುಕೊಂಡು ನನ್ನ ಮೇಜಿನ ಎದುರು ಕೂತರು. ನಮಗೆ ಇದು ಬೇಡ, ಕಟ್ಟಿದ ಹಣವೂ ಬೇಡ, ನಮ್ಮ ಹೆಸರು ತೆಗೆದುಹಾಕಿ ಎಂದು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದುಕೊಡಿ ಎಂದರು. ನಡುವೆ ಬಿಡುವ ಹಾಗಿಲ್ಲವೆಂದು ನಾನೇ ಓದಿ ಹೇಳಿದ್ದೆ, ಇನ್ನೂ ಇಪ್ಪತ್ತೆರಡು ವರ್ಷ ಇದೆ, ಈ ಕಾಗದ ಕಸದ ಬುಟ್ಟಿಗೆ ಹೋಗುತ್ತದೆ ಎಂದೆ. ಆದರೂ ಬರೆಯಿರಿ ಎಂದರು. ಬರೆಯುತ್ತಾ ಹೋಗಿ, ಬಿಡುವುದಕ್ಕೆ ಕಾರಣವೇನೆಂದು ಕೇಳಿದೆ.

ಆಗ ಹೇಳಿದರು. ಮೊದಲ ದಿನ ಊಟದ ಕೋಣೆಗೆ ಹೋದರೆ ಮೀನಿನ ವಾಸನೆ. ಅಡುಗೆಯವನನ್ನು ಕೇಳಿದರು. ಒಂದೇ ಅಡುಗೆಮನೆ, ಒಂದೇ ಎಣ್ಣೆ, ಒಂದೇ ಬಾಣಲೆ. ಶುದ್ಧ ಸಸ್ಯಾಹಾರದ ಹೋಟೆಲು ಹನ್ನೊಂದು ಕಿಲೋಮೀಟರು, ಹೊರಗೆ ಜಡಿಮಳೆ. ಬೆಲೆ ಕೇಳಿದ್ದರು, ತಿಥಿ ನೋಡಿದ್ದರು, ಬೇಯಿಸುವವರು ಯಾರು ಎಂದು ಮಾತ್ರ ಕೇಳಿರಲಿಲ್ಲ. ತನಗೆ ಶ್ರಾವಣದ ವ್ರತ, ಹಾಲು ಬಾಳೆಹಣ್ಣು ಸಾಕು, ನೀನು ಕಣ್ಣು ಮುಚ್ಚಿಕೊಂಡು ಮೊಸರನ್ನ ತಿನ್ನು ಎಂದು ಹೆಂಡತಿಗೆ ಸುಳ್ಳು ಹೇಳಿದರು. ಮೂವತ್ತು ವರ್ಷ ಅವರ ವ್ರತಗಳಿಗೆಲ್ಲ ಅಣಿಮಾಡಿದವಳು ಅವಳು, ಯಾವುದು ಇದೆ ಯಾವುದು ಇಲ್ಲ ಎಂದು ಗೊತ್ತಿಲ್ಲವೇ. ಎದ್ದು ಹೋಗಿ ಬಾಗಿಲ ಬಳಿಯ ಅಂಗಡಿಯಲ್ಲಿ ಎರಡು ಪಟ್ಟು ಬೆಲೆಗೆ ಅಕ್ಕಿ, ಬೇಳೆ, ಒಗ್ಗರಣೆ ಸಾಮಾನು ತಂದಳು. ಅವರಿಗೆ ಕೊಟ್ಟ ಕೋಣೆಯ ಮೂಲೆಯಲ್ಲೇ ಗ್ಯಾಸಿನ ಒಲೆ, ಕುಕ್ಕರು, ಲಟ್ಟಣಿಗೆ ಎಲ್ಲ ಇತ್ತು. ಬಂದ ಸದಸ್ಯರು ಖರ್ಚು ಉಳಿಸಿಕೊಳ್ಳಲಿ ಎಂದು ಕಂಪನಿಯವರೇ ಇಟ್ಟಿದ್ದರು.

ಅವರು ಅವಳ ಕೈ ಹಿಡಿದು ಬೇಡ ಎಂದರಂತೆ. ನೀವು ಹಸಿದು ಕೂತರೆ ನನ್ನ ಗಂಟಲಲ್ಲಿ ಇಳಿಯುತ್ತದೆಯೇ ಎಂದು ಅವಳು ಕೈ ಬಿಡಿಸಿಕೊಂಡಳು. ಎರಡನೆಯ ದಿನ ಅವರೇ ಮಾಡಲು ಹೋಗಿ ಕೈ ಸುಟ್ಟುಕೊಂಡರು. ಮಳೆಯ ಎರಚಲಿಗೆ ಕಿಟಕಿ ತೆರೆಯುವ ಹಾಗಿರಲಿಲ್ಲ, ಒಗ್ಗರಣೆಯ ಘಾಟು ಒಳಗೇ ನಿಂತಿತ್ತು.

ನಾನು ಮತ್ತೆ ಪೆನ್ನು ಎತ್ತಿಕೊಂಡೆ. ವೈಯಕ್ತಿಕ ಕಾರಣ ಎಂದು ಬರೆಯಲೇ ಎಂದೆ. ಬೇಡವೆಂದು ತಲೆಯಾಡಿಸಿದರು.

"ಏಳು ದಿನಾನೂ ಅವಳೇ ಮಾಡಿದ್ಳು ಟೀಚರಮ್ಮ. ಕೆಮ್ಮಿ ಕೆಮ್ಮಿ ಮಾಡಿದ್ಳು. ನಾನು ಉಂಡೆ. ಅದನ್ನೇ ಬರೀರಿ."

ಅದನ್ನೇ ಇಂಗ್ಲಿಷಿನಲ್ಲಿ ಬರೆದೆ. ಅವರು ಕೆಳಗೆ ಕನ್ನಡದಲ್ಲಿ ಸಹಿ ಹಾಕಿದರು.